ಆಯುಧವೊ, ಆಳೊ? – ಚೀನಾ–ಜಪಾನ್ ಯುದ್ಧಕಾಲದ ಪರದೇಶದ ನೆರವು (೧೯೩೭–೧೯೪೨)

ಆಕ್ರಮಣಕ್ಕೆ ಗುರಿಯಾದ ಪರರಾಷ್ಟ್ರವೊಂದಕ್ಕೆ ಉಳಿದ ಜನಾಂಗಗಳು ಆಯುಧಗಳನ್ನು ಮಾತ್ರ ಒದಗಿಸಬೇಕೆ, ತಮ್ಮವರೇ ಹೋಗಿ ಅದರ ಪರವಾಗಿ ಕಾದಬೇಕೆ, ಇಲ್ಲವೆ ಎರಡರಿಂದಲೂ ದೂರವಿದ್ದು ತಾಟಸ್ಥ್ಯವನ್ನು ಪಾಲಿಸಬೇಕೆ ಎಂಬ ಪ್ರಶ್ನೆಯನ್ನು ನ್ಯಾಯಶಾಸ್ತ್ರಜ್ಞರೂ ರಾಜನೀತಿಜ್ಞರೂ ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಈ ಚರ್ಚೆ ಸಾಮಾನ್ಯವಾಗಿ ತತ್ತ್ವದ ಮಟ್ಟದಲ್ಲಿಯೇ ನಿಂತುಬಿಡುತ್ತದೆ. ಪ್ರಶ್ನೆ ನಿಜವಾಗಿ ಎದುರಾದಾಗ ಯಾರು ಏನು ಮಾಡಿದರು, ಏಕೆ ಮಾಡಿದರು, ಅದರಿಂದ ಆದುದೇನು ಎಂಬ ವಿಚಾರವೇ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಪ್ರಯೋಜನಕಾರಿ. ಈ ದೃಷ್ಟಿಯಿಂದ ಸ್ಪೇನಿನ ಅಂತರ್ಯುದ್ಧವನ್ನು ಕುರಿತು ಗ್ರಂಥಗಳು ಹೇರಳವಾಗಿ ಬಂದಿವೆ. ಆದರೆ ಸ್ಪೇನಿನಲ್ಲಿ ಸ್ವದೇಶದವರೇ ಎರಡು ಪಕ್ಷಗಳಾಗಿ ಹೋರಾಡುತ್ತಿದ್ದುದರಿಂದ ಪ್ರಶ್ನೆ ಶುದ್ಧರೂಪದಲ್ಲಿ ಮೂಡಲಿಲ್ಲ. ಚೀನಾದಲ್ಲಿ ಹಾಗಲ್ಲ. ೧೯೩೭ರ ಜುಲೈ ೭ರ ರಾತ್ರಿ ಪೀಕಿಂಗಿನ ಸಮೀಪದ ಮಾರ್ಕೊಪೋಲೊ ಸೇತುವೆಯ ಬಳಿ ಗುಂಡು ಹಾರಿದ ಮೇಲೆ ನಡೆದುದು ಒಂದು ದೇಶದ ಸೇನೆ ಇನ್ನೊಂದು ದೇಶದ ನೆಲದ ಮೇಲೆ ನಡೆಸಿದ ಆಕ್ರಮಣ. ಈ ವಿಷಯದಲ್ಲಿ ಅಂದಿನ ಯಾವ ಸರಕಾರಕ್ಕೂ ಪ್ರಾಮಾಣಿಕವಾದ ಸಂದೇಹವಿದ್ದಂತೆ ತೋರುವುದಿಲ್ಲ. ಇದ್ದುದು ಹಿಂಜರಿಕೆ ಮಾತ್ರ.

ಈ ಕಥೆಗೆ ಐದು ವರ್ಷ ಹಿಂದಿನ ಒಂದು ಪೀಠಿಕೆಯುಂಟು. ೧೯೩೨ರ ಆರಂಭದಲ್ಲಿ ಜಪಾನೀಯರು ಶಾಂಘೈಯ ಮೇಲೆ ಬಿದ್ದಾಗ ರಾಬರ್ಟ್ ಷಾರ್ಟ್ ಎಂಬ ಅಮೆರಿಕದ ವಿಮಾನಚಾಲಕನು ಅಲ್ಲಿದ್ದನು. ಬೋಯಿಂಗ್ ಸಂಸ್ಥೆಯ ಹೊಸ ಮಾದರಿಯ ಕಾಳಗದ ವಿಮಾನವೊಂದನ್ನು ಚೀನೀಯರಿಗೆ ಹಾರಿಸಿ ತೋರಿಸುವುದು, ಅಂದರೆ ಮಾರಾಟದ ಕೆಲಸ, ಅವನ ಪಾಲಿಗೆ ಬಂದಿತ್ತು. ೧೯೩೨ರ ಫೆಬ್ರವರಿ ೨೨ರಂದು ಸೂಚೌ ನಗರದ ಮೇಲೆ ಬಾಂಬುಗಳನ್ನು ಹಾಕಲು ಬಂದ ಜಪಾನೀ ವಿಮಾನಗಳನ್ನು ಆತ ಒಬ್ಬನೇ ಎದುರಿಸಿ, ಅವುಗಳ ಮುಂದಾಳನ್ನು ಕೊಂದು, ಕೊನೆಗೆ ತಾನೂ ಹತನಾದನು. ಅವನಿಗೆ ಯಾರ ಆಜ್ಞೆಯೂ ಇರಲಿಲ್ಲ, ಯಾವ ಸೇನೆಯ ಉಡುಪೂ ಇರಲಿಲ್ಲ. ಶಾಂಘೈಯಲ್ಲಿ ಅವನ ಶವಸಂಸ್ಕಾರವನ್ನು ಭಾರಿ ಗೌರವದಿಂದ ನಡೆಸಲಾಯಿತು. ಆಯುಧವನ್ನು ಮಾರಲು ಹೋದವನು ಆಯುಧವನ್ನು ಹಿಡಿದವನಾಗಿ ಮಡಿದ ಈ ಸಂಗತಿ, ಆಯುಧ ಕೊಡುವುದಕ್ಕೂ ಆಳಾಗಿ ನಿಲ್ಲುವುದಕ್ಕೂ ನಡುವೆ ಇರುವ ಗೆರೆ ಎಷ್ಟು ತೆಳುವಾದುದು ಎಂಬುದನ್ನು ಮೊದಲೇ ತೋರಿಸಿಕೊಟ್ಟಿತೆನ್ನಬಹುದು.

ಅಂತರರಾಷ್ಟ್ರೀಯ ನ್ಯಾಯ ಈ ಗೆರೆಯನ್ನು ಬೇರೆಡೆ ಎಳೆದಿತ್ತು. ೧೯೦೭ರ ಹೇಗ್ ಒಡಂಬಡಿಕೆಗಳಲ್ಲಿ ಐದನೆಯದು, ತಟಸ್ಥ ರಾಷ್ಟ್ರದ ನೆಲದ ಮೇಲೆ ಯುದ್ಧನಿರತರ ಪರವಾಗಿ ಸೈನ್ಯ ಕಟ್ಟುವುದನ್ನೂ ಆಳುಗಳನ್ನು ಕೂಡಿಸುವುದನ್ನೂ ನಿಷೇಧಿಸುತ್ತದೆ. ಆದರೆ ವ್ಯಕ್ತಿಗಳು ಒಬ್ಬೊಬ್ಬರಾಗಿ ಗಡಿ ದಾಟಿ ಹೋಗಿ ಯುದ್ಧನಿರತರಲ್ಲಿ ಸೇವೆಗೆ ಸೇರಿದರೆ ಅದರ ಹೊಣೆ ತಟಸ್ಥ ರಾಷ್ಟ್ರದ ಮೇಲೆ ಬೀಳುವುದಿಲ್ಲ. ಹಾಗೆಯೇ ಖಾಸಗಿ ವರ್ತಕರು ಆಯುಧಗಳನ್ನು ರಫ್ತು ಮಾಡಿದರೆ ಅದನ್ನು ತಡೆಯಲೇಬೇಕೆಂಬ ಕಟ್ಟೂ ಇಲ್ಲ. ಅಂದರೆ ನ್ಯಾಯದ ದೃಷ್ಟಿಯಲ್ಲಿ ಮುಖ್ಯವಾದುದು ಕೊಡುವ ವಸ್ತು ಬಂದೂಕವೊ ಪ್ರಾಣವೊ ಎಂಬುದಲ್ಲ. ಕೊಡುವವನು ವ್ಯಕ್ತಿಯೊ ಸರಕಾರವೊ ಎಂಬುದು. ಇಪ್ಪತ್ತನೆಯ ಶತಮಾನದಲ್ಲಿ ವಿಮಾನವನ್ನಾಗಲಿ ಅದನ್ನು ಹಾರಿಸಬಲ್ಲ ಚಾಲಕನನ್ನಾಗಲಿ ಸರಕಾರದ ಕೈಯಿಲ್ಲದೆ ಸಿದ್ಧಪಡಿಸುವುದು ಅಸಾಧ್ಯವಾಗಿತ್ತು. ಆದುದರಿಂದ ೧೯೦೭ರ ಈ ವಿಂಗಡಣೆ ಕಾಗದದ ಮೇಲಿನದಾಗಿಯೇ ಉಳಿಯಿತು. ಮುಂದೆ ಕಾಣುವಂತೆ, ಬಹು ಮಟ್ಟಿಗೆ ವೇಷಕ್ಕೆ ಅನುಕೂಲವಾದ ತೆರೆಯಾಯಿತು.

ಇದಕ್ಕೆ ಇನ್ನೊಂದು ವಿಚಿತ್ರ ಸಂಗತಿ ಸೇರಿಕೊಂಡಿತು. ೧೯೩೭ರಿಂದ ೧೯೪೧ರ ಡಿಸೆಂಬರಿನವರೆಗೆ ಚೀನಾ ಆಗಲಿ ಜಪಾನ್ ಆಗಲಿ ಯುದ್ಧವನ್ನು ವಿಧ್ಯುಕ್ತವಾಗಿ ಘೋಷಿಸಲಿಲ್ಲ. ಜಪಾನೀಯರು ಅದನ್ನು ‘ಚೀನಾ ಪ್ರಕರಣ’ವೆಂದೇ ಕರೆಯುತ್ತಿದ್ದರು. ನಾನ್ಕಿಂಗಿನಂತಹ ರಾಜಧಾನಿ ೧೯೩೭ರ ಡಿಸೆಂಬರ್ ೧೩ರಂದು ಬಿದ್ದು ಅಲ್ಲಿ ನಡೆಯಬಾರದ ಕ್ರೌರ್ಯ ನಡೆದ ಮೇಲೂ ಅದು ‘ಪ್ರಕರಣ’ವೇ. ಇದರ ಕಾರಣವನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕೇಳುವುದುಂಟು. ಉತ್ತರ ಅಮೆರಿಕದ ಕಾನೂನಿನಲ್ಲಿದೆ. ೧೯೩೭ರ ಮೇ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಅಂಗೀಕರಿಸಿದ ತಾಟಸ್ಥ್ಯದ ಶಾಸನದಂತೆ, ಯುದ್ಧಸ್ಥಿತಿಯನ್ನು ಅಧ್ಯಕ್ಷರು ಗುರುತಿಸಿದ ಕೂಡಲೆ ಎರಡು ಪಕ್ಷಗಳಿಗೂ ಆಯುಧಗಳ ಮಾರಾಟ ನಿಲ್ಲಬೇಕು. ಉಳಿದ ಸಾಮಗ್ರಿಗಳನ್ನು ನಗದು ಹಣ ತೆತ್ತು ತಮ್ಮ ಹಡಗುಗಳಲ್ಲಿಯೇ ಒಯ್ಯುವಂತೆ ಕಟ್ಟಳೆ ವಿಧಿಸಬಹುದು. ಜಪಾನಿಗೆ ಹಡಗುಗಳಿದ್ದುವು, ಹಣವಿತ್ತು. ಚೀನಾಕ್ಕೆ ಎರಡೂ ಇರಲಿಲ್ಲ. ಶಾಸನವನ್ನು ಜಾರಿಗೆ ತಂದರೆ ಆಕ್ರಮಣಕಾರನಿಗೆ ಅನುಕೂಲವಾಗುವುದೆಂದು ಬಗೆದ ಅಧ್ಯಕ್ಷ ರೂಸ್‌ವೆಲ್ಟರು ಯುದ್ಧ ನಡೆಯುತ್ತಿದೆಯೆಂಬುದನ್ನು ಅಧಿಕೃತವಾಗಿ ಕಾಣದವರಂತೆ ಉಳಿದರು. ಆದರೆ ಅದೇ ೧೯೩೭ರ ಸೆಪ್ಟೆಂಬರ್ ೧೪ರಂದು, ಸರಕಾರದ ಒಡೆತನದ ಹಡಗುಗಳು ಎರಡು ದೇಶಗಳಿಗೂ ಆಯುಧ ಸಾಗಿಸಕೂಡದೆಂದು ಆಜ್ಞೆ ಹೊರಟಿತು. ಚೀನಾಕ್ಕೆಂದು ಬೆಲ್ಲಾಂಕಾ ವಿಮಾನಗಳನ್ನು ಹೇರಿಕೊಂಡಿದ್ದ ‘ವಿಚಿತಾ’ ಎಂಬ ಹಡಗು ಕ್ಯಾಲಿಫೋರ್ನಿಯದ ಬಂದರಿನಲ್ಲಿಯೇ ಅವುಗಳನ್ನು ಇಳಿಸಬೇಕಾಯಿತು.

ಹೀಗೆ ಉಳಿಸಿಕೊಂಡ ವ್ಯಾಪಾರಸ್ವಾತಂತ್ರ್ಯದ ಬಹುಪಾಲು ಲಾಭವನ್ನು ಪಡೆದವರು ಜಪಾನೀಯರೇ. ಅವರ ಎಣ್ಣೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದಿಂದ ಬರುತ್ತಿತ್ತು. ಉಕ್ಕಿನ ಕುಲುಮೆಗಳಿಗೆ ಬೇಕಾದ ಗುಜರಿ ಕಬ್ಬಿಣದ ದೊಡ್ಡ ಭಾಗವೂ ಅಲ್ಲಿಯದೇ. ೧೯೩೮ರ ಜುಲೈಯಲ್ಲಿ, ನಗರಗಳ ಮೇಲೆ ಬಾಂಬು ಹಾಕುವವರಿಗೆ ವಿಮಾನಗಳನ್ನು ಮಾರಬೇಡಿರೆಂದು ಸರಕಾರ ತನ್ನ ಕಾರ್ಖಾನೆಗಳನ್ನು ಕೇಳಿಕೊಂಡಿತು. ಇದನ್ನು ‘ನೈತಿಕ ನಿಷೇಧ’ವೆಂದು ಕರೆದರು, ಅದಕ್ಕೆ ಕಾನೂನಿನ ಬಲವಿರಲಿಲ್ಲ. ಗುಜರಿ ಕಬ್ಬಿಣದ ರಫ್ತು ನಿಂತುದು ೧೯೪೦ರ ಶರತ್ಕಾಲದಲ್ಲಿ. ಎಣ್ಣೆ ನಿಂತುದು ೧೯೪೧ರ ಜುಲೈ–ಆಗಸ್ಟ್ ತಿಂಗಳುಗಳಲ್ಲಿ. ಚೀನಾಕ್ಕೆ ೧೯೩೮ರ ಡಿಸೆಂಬರಿನಲ್ಲಿ ಮೊದಲ ಸಾಲವಾಗಿ ಎರಡೂವರೆ ಕೋಟಿ ಡಾಲರುಗಳು ದೊರೆತುವು, ಅದೂ ಟುಂಗ್ ಎಣ್ಣೆಯ ಆಧಾರದ ಮೇಲೆ. ಆಯುಧಗಳನ್ನು ಕೊಳ್ಳಕೂಡದೆಂಬ ಷರತ್ತಿನೊಡನೆ. ನಾಲ್ಕು ವರ್ಷ ಕಾಲ ಚೀನಾದ ನಗರಗಳ ಮೇಲೆ ಹಾರಿದ ವಿಮಾನಗಳು ಬಹುಮಟ್ಟಿಗೆ ಕ್ಯಾಲಿಫೋರ್ನಿಯದ ಎಣ್ಣೆಯನ್ನು ಉರಿಸಿಯೇ ಹಾರಿದುವು. ಆಯುಧ ಕೊಡಬೇಕೆ, ಹೋಗಿ ಕಾದಬೇಕೆ ಎಂದು ವಾದಿಸುವವರು ಈ ಮೂರನೆಯ ಲೆಕ್ಕವನ್ನು, ಅಂದರೆ ಶತ್ರುವಿಗೆ ಕೊಡುತ್ತಿರುವುದನ್ನು ಮೊದಲು ನಿಲ್ಲಿಸುವ ಲೆಕ್ಕವನ್ನು, ಅನೇಕ ವೇಳೆ ಮರೆತುಬಿಡುತ್ತಾರೆ.

ಹಾಗೆಂದು ವಾಷಿಂಗ್ಟನ್ನಿನ ಹಿಂಜರಿಕೆಯನ್ನು ಕೇವಲ ವರ್ತಕಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಎಣ್ಣೆಯನ್ನು ನಿಲ್ಲಿಸಿದರೆ ಜಪಾನ್ ದಕ್ಷಿಣಕ್ಕೆ ತಿರುಗಿ ಡಚ್ಚರ ದ್ವೀಪಗಳ ಎಣ್ಣೆಬಾವಿಗಳಿಗೆ ಕೈಹಾಕುತ್ತದೆ, ಆಗ ಯುದ್ಧ ತಪ್ಪದು ಎಂದು ಅಂಜಿದವರಿದ್ದರು. ೧೯೪೧ರ ಆಗಸ್ಟಿಗೂ ಡಿಸೆಂಬರ್ ೭ಕ್ಕೂ ನಡುವೆ ನಡೆದುದನ್ನು ನೋಡಿದರೆ ಅವರ ಅಂಜಿಕೆ ನಿರಾಧಾರವಾಗಿರಲಿಲ್ಲ. ನಾಲ್ಕು ವರ್ಷ ಮೊದಲೇ, ಜಪಾನಿನ ಬಳಿ ಎಣ್ಣೆಯ ಸಂಗ್ರಹವೂ ಸಾಲದಿದ್ದಾಗ ನಿಲ್ಲಿಸಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಇತಿಹಾಸಕಾರನು ಉತ್ತರ ಹೇಳಲಾರ.

ಮೊದಲ ಮೂರು ವರ್ಷಗಳಲ್ಲಿ ಚೀನಾಕ್ಕೆ ಆಯುಧವನ್ನೂ ಆಳನ್ನೂ ನಿಜವಾಗಿ ಒದಗಿಸಿದ ದೊಡ್ಡ ರಾಷ್ಟ್ರ ಒಂದೇ: ಸೋವಿಯತ್ ಒಕ್ಕೂಟ. ಚಿಯಾಂಗ್ ಕೈಷೇಕನ ಸೇನೆಗೆ ತರಬೇತು ಕೊಡುತ್ತಿದ್ದ ಜರ್ಮನ್ ಸಲಹೆಗಾರರನ್ನು ಹಿಟ್ಲರನು ೧೯೩೮ರ ಬೇಸಗೆಯಲ್ಲಿ ಹಿಂದಕ್ಕೆ ಕರೆಸಿಕೊಂಡನು. ರಷ್ಯವಾದರೊ ೧೯೩೭ರ ಆಗಸ್ಟ್ ೨೧ರಂದು ಚೀನಾದೊಡನೆ ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿ, ತಿಂಗಳೆರಡು ಕಳೆಯುವಷ್ಟರಲ್ಲಿ ಮಧ್ಯ ಏಷ್ಯದ ಮಾರ್ಗವಾಗಿ ಲಾಂಚೌಗೆ ವಿಮಾನಗಳನ್ನು ಕಳುಹಿಸತೊಡಗಿತು. ೧೯೩೮–೩೯ರಲ್ಲಿ ಒಟ್ಟು ಇಪ್ಪತ್ತೈದು ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿಗೆಯಾಯಿತು. ಅದನ್ನು ಚೀನಾ ಟಂಗ್‌ಸ್ಟನ್, ತವರ, ಆಂಟಿಮೊನಿ, ಉಣ್ಣೆ, ಚಹಗಳ ರೂಪದಲ್ಲಿ ತೀರಿಸಬೇಕಾಗಿತ್ತು. ವಿಮಾನಗಳೊಡನೆ ಚಾಲಕರೂ ಬಂದರು. ನಾನ್ಕಿಂಗ್ ಬೀಳುವ ಮುನ್ನವೇ ಅವರು ಆ ನಗರದ ಆಕಾಶದಲ್ಲಿ ಕಾದಿದರು. ೧೯೩೮ರ ಫೆಬ್ರವರಿ ೨೩ರಂದು ಅಂದು ಜಪಾನಿನ ವಶದಲ್ಲಿದ್ದ ಫಾರ್ಮೋಸಾ ದ್ವೀಪದವರೆಗೆ ಹಾರಿ ತೈಹೋಕು ವಿಮಾನನಿಲ್ದಾಣದ ಮೇಲೆ ಬಾಂಬು ಹಾಕಿ ಮರಳಿದರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಚೀನಾದಲ್ಲಿ ಮಡಿದರೆಂದು ಲೆಕ್ಕ. ವೂಹಾನ್ ನಗರದ ಉದ್ಯಾನವೊಂದರಲ್ಲಿ ಅವರಲ್ಲಿ ಕೆಲವರ ಸಮಾಧಿಗಳಿವೆ.

ಇವರನ್ನು ‘ಸ್ವಯಂಸೇವಕ’ರೆಂದು ಕರೆಯಲಾಗಿತ್ತು. ಆದರೆ ಅವರು ಕೆಂಪು ಸೇನೆಯ ಆಜ್ಞೆಯಂತೆ ಬಂದವರು, ಆಜ್ಞೆಯಂತೆಯೇ ಸರದಿ ಮುಗಿಸಿ ಹಿಂದಿರುಗಿದವರು. ಸ್ಟಾಲಿನ್ ಇವರನ್ನು ಕಳುಹಿಸಿದುದು ಚೀನಾದ ಕಮ್ಯೂನಿಸ್ಟರಿಗಾಗಿ ಅಲ್ಲ, ಅವರ ಶತ್ರುವಾಗಿದ್ದ ಚಿಯಾಂಗನಿಗಾಗಿ. ಆಯುಧಗಳೂ ಸಂದುದು ಅವನಿಗೇ. ಜಪಾನೀ ಸೇನೆ ಚೀನಾದ ಒಳನಾಡಿನಲ್ಲಿ ಹೂತುಕೊಂಡಿದ್ದಷ್ಟು ಕಾಲ ಸೈಬೀರಿಯದ ಗಡಿ ಸುರಕ್ಷಿತ. ಈ ಲೆಕ್ಕಾಚಾರ ಬದಲಾದೊಡನೆ ನೆರವೂ ಬದಲಾಯಿತು: ೧೯೪೧ರ ಏಪ್ರಿಲ್ ೧೩ರಂದು ಮಾಸ್ಕೊ ಜಪಾನಿನೊಡನೆ ತಾಟಸ್ಥ್ಯದ ಒಪ್ಪಂದ ಮಾಡಿಕೊಂಡಿತು, ಮುಂದೆ ಚಾಲಕರೂ ಸಲಹೆಗಾರರೂ ಹೊರಟುಹೋದರು. ಸ್ವಾರ್ಥದಿಂದ ಬಂದ ನೆರವು ನೆರವಲ್ಲವೆ? ಹ್ಯಾಂಕೌ ನಗರದ ಜನ ೧೯೩೮ರ ಏಪ್ರಿಲ್ ೨೯ರಂದು ತಮ್ಮ ತಲೆಯ ಮೇಲೆ ನಡೆದ ವಾಯುಕಾಳಗವನ್ನು ಮಾಳಿಗೆಗಳ ಮೇಲೆ ನಿಂತು ನೋಡಿದವರು. ಅವರಿಗೆ ಸ್ಟಾಲಿನನ ಉದ್ದೇಶವನ್ನು ವಿಚಾರಿಸುವ ಅಗತ್ಯ ಕಂಡಿರಲಾರದು. ಉದ್ದೇಶವನ್ನು ವಿಚಾರಿಸುವುದು ನಮ್ಮ ಕೆಲಸ. ಆದರೆ ಉದ್ದೇಶ ಕೀಳೆಂದು ಫಲವನ್ನು ಅಲ್ಲಗಳೆಯುವುದು ಸಲ್ಲದು.

ಬ್ರಿಟನ್ನಿನ ನಡವಳಿಕೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಕ್ಯಾಂಟನ್ ೧೯೩೮ರ ಅಕ್ಟೋಬರಿನಲ್ಲಿ ಬಿದ್ದ ಮೇಲೆ ಚೀನಾಕ್ಕೆ ಕರಾವಳಿ ಬಹುಮಟ್ಟಿಗೆ ಮುಚ್ಚಿಹೋಯಿತು. ಬರ್ಮಾದ ಲಾಷಿಯೊದಿಂದ ಕುನ್ಮಿಂಗಿಗೆ ಪರ್ವತಗಳ ನಡುವೆ ಸುಮಾರು ೧,೧೫೦ ಕಿಲೊಮೀಟರುಗಳ ರಸ್ತೆಯನ್ನು ಲಕ್ಷಾಂತರ ಯುನ್ನಾನ್ ರೈತರು, ಅವರಲ್ಲಿ ಹೆಂಗಸರೂ ಮಕ್ಕಳೂ, ಹಾರೆ ಬುಟ್ಟಿಗಳಿಂದಲೇ ಸಿದ್ಧಮಾಡಿದ್ದರು. ಫ್ರಾನ್ಸ್ ಸೋತು ಇಂಡೊಚೀನಾದ ರೈಲುಮಾರ್ಗವೂ ತಪ್ಪಿಹೋದಾಗ ಉಳಿದ ಮುಖ್ಯ ದಾರಿ ಇದೊಂದೇ. ಜಪಾನಿನ ಒತ್ತಾಯಕ್ಕೆ ಮಣಿದು ಚರ್ಚಿಲ್ಲರ ಸರಕಾರ ೧೯೪೦ರ ಜುಲೈ ೧೮ರಿಂದ ಮೂರು ತಿಂಗಳ ಕಾಲ ಅದನ್ನು ಯುದ್ಧಸಾಮಗ್ರಿಗೆ ಮುಚ್ಚಿತು. ಮಳೆಗಾಲದಲ್ಲಿ ಆ ರಸ್ತೆಯ ಮೇಲೆ ಹೇಗೂ ಹೆಚ್ಚು ಸಾಗಣೆ ಇರುವುದಿಲ್ಲವೆಂಬ ಸಮಾಧಾನವನ್ನೂ ಆಗ ಹೇಳಲಾಯಿತು. ತನ್ನ ಮನೆಯ ಮೇಲೆಯೇ ಬಾಂಬುಗಳು ಬೀಳಲಿದ್ದ ಹೊತ್ತಿನಲ್ಲಿ ಲಂಡನ್ ಬೇರೇನು ಮಾಡಬಹುದಾಗಿತ್ತೆಂದು ಕೇಳುವವರ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಪರರು ಕೊಟ್ಟ ಆಯುಧವನ್ನು ತಡೆಯುವ ಅಧಿಕಾರವೂ ಒಂದು ಬಗೆಯ ಆಯುಧವೇ, ಅದನ್ನು ಇಲ್ಲಿ ಆಕ್ರಮಣಕಾರನ ಕೈಗೆ ಕೊಡಲಾಯಿತು ಎಂಬುದನ್ನು ಗಮನಿಸಬೇಕು.

ಇನ್ನು ‘ಹಾರುವ ಹುಲಿಗಳು’ ಎಂದು ಹೆಸರಾದ ಅಮೆರಿಕನ್ ಸ್ವಯಂಸೇವಕ ದಳದ ವಿಷಯ. ಇದರ ಸುತ್ತ ಕಟ್ಟಿಕೊಂಡ ಕಥೆಗಳೂ ಚಲನಚಿತ್ರಗಳೂ ಬಹಳ. ಆದುದರಿಂದಲೇ ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಕ್ಲೇರ್ ಷೆನಾಲ್ಟ್ ಎಂಬಾತ ೧೯೩೭ರಲ್ಲಿ ಅಮೆರಿಕದ ಸೇನೆಯಿಂದ ಕ್ಯಾಪ್ಟನ್ ಪದವಿಯಲ್ಲಿ ನಿವೃತ್ತನಾಗಿ, ಚೀನಾದ ವಾಯುಪಡೆಗೆ ಸಂಬಳದ ಸಲಹೆಗಾರನಾಗಿ ಬಂದನು. ಅವನ ರಹದಾರಿಯಲ್ಲಿ ಉದ್ಯೋಗ ‘ಕೃಷಿಕ’ ಎಂದು ನಮೂದಾಗಿತ್ತು. ಸಿಕ್ಕಿದ ಪರದೇಶದ ಚಾಲಕರನ್ನೆಲ್ಲ ಕೂಡಿಸಿ ೧೯೩೮ರ ಆರಂಭದಲ್ಲಿ ಹ್ಯಾಂಕೌನಲ್ಲಿ ಕಟ್ಟಿದ ಒಂದು ಬಾಡಿಗೆಯ ತುಕಡಿ ಕೆಲವೇ ವಾರಗಳಲ್ಲಿ ಚದುರಿಹೋಯಿತು. ಹಣಕ್ಕಾಗಿ ಬಂದ ಒಬ್ಬೊಬ್ಬರಿಂದ ವಾಯುಪಡೆ ಆಗದೆಂಬ ಪಾಠ ಅದರಿಂದ ದೊರೆತಿರಬೇಕು. ೧೯೪೦ರ ಕೊನೆಯಲ್ಲಿ ಅವನೂ ಚಿಯಾಂಗನ ಭಾವಮೈದುನನಾದ ಟಿ. ವಿ. ಸೂಂಗನೂ ವಾಷಿಂಗ್ಟನ್ನಿನಲ್ಲಿ ಕುಳಿತು ಹೊಸ ಹಂಚಿಕೆಯನ್ನು ಹೂಡಿದರು. ಬ್ರಿಟನ್ನಿಗೆ ಹೋಗಬೇಕಾಗಿದ್ದ ನೂರು ಪಿ–೪೦ ವಿಮಾನಗಳನ್ನು ಚೀನಾ ಕೊಂಡಿತು. ರಂಗೂನಿನ ಬಂದರಿನಲ್ಲಿ ಇಳಿಸುವಾಗ ಒಂದರ ರೆಕ್ಕೆಗಳು ನೀರುಪಾಲಾಗಿ ತೊಂಬತ್ತೊಂಬತ್ತು ಉಳಿದುವು. ಸುಮಾರು ನೂರು ಚಾಲಕರನ್ನೂ ಇನ್ನೂರು ಮಂದಿ ಕುಶಲಕರ್ಮಿಗಳೇ ಮೊದಲಾದವರನ್ನೂ ಅಮೆರಿಕದ ಭೂಸೇನೆ ನೌಕಾಸೇನೆಗಳ ವಿಮಾನನೆಲೆಗಳಲ್ಲಿಯೇ, ಅಲ್ಲಿಯ ಅಧಿಕಾರಿಗಳಿಗೆ ಮೇಲಿನಿಂದ ಬಂದ ಸೂಚನೆಯ ಮೇರೆಗೆ, ಆರಿಸಲಾಯಿತು. ಅವರು ಸೇನೆಗೆ ರಾಜೀನಾಮೆಯಿತ್ತು ಖಾಸಗಿ ಕಂಪೆನಿಯೊಂದರೊಡನೆ ಕರಾರು ಮಾಡಿಕೊಂಡರು. ಚಾಲಕನಿಗೆ ತಿಂಗಳಿಗೆ ಆರುನೂರು ಡಾಲರ್ ಸಂಬಳ. ಇದಲ್ಲದೆ ಕೆಡವಿದ ಪ್ರತಿ ಜಪಾನೀ ವಿಮಾನಕ್ಕೆ ಐನೂರು ಡಾಲರ್. ರೂಸ್‌ವೆಲ್ಟರು ಇದಕ್ಕೆಂದು ೧೯೪೧ರ ಏಪ್ರಿಲಿನಲ್ಲಿ ಗುಪ್ತ ಆಜ್ಞೆಯೊಂದಕ್ಕೆ ಸಹಿ ಹಾಕಿದರೆಂದು ಹಲವು ಪುಸ್ತಕಗಳು ಹೇಳುತ್ತವೆ. ಸಂಶೋಧಕರು ಹುಡುಕಿದರೂ ಅಂತಹ ಕಾಗದ ದೊರೆತಿಲ್ಲ. ಬಾಯಿಮಾತಿನ ಸಮ್ಮತಿಯಿದ್ದಿತೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಹೇಗ್ ಒಡಂಬಡಿಕೆ ನಿಷೇಧಿಸಿದ್ದ ಸೈನ್ಯಸಂಗ್ರಹಕ್ಕೂ ಇದಕ್ಕೂ ವ್ಯತ್ಯಾಸವಿದ್ದುದು ಕರಾರಿನ ಕಾಗದದಲ್ಲಷ್ಟೆ.

ಆ ಖಾಸಗಿ ಕಂಪೆನಿಯ ಮೂಲಕ ಈ ಕಥೆ ನಮ್ಮ ಬಾಗಿಲಿಗೂ ಬರುತ್ತದೆ. ಅದು ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಸೆಂಟ್ರಲ್ ಏರ್‌ಕ್ರಾಫ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ. ಚೀನಾ ಸರಕಾರದೊಡನೆ ಪಾಲುಗಾರಿಕೆಯಲ್ಲಿ ಹಾಂಗ್‌ಚೌನಲ್ಲಿ ವಿಮಾನಗಳನ್ನು ಜೋಡಿಸುತ್ತಿದ್ದ ಈ ಕಂಪೆನಿ, ಜಪಾನೀಯರು ಮುಂದೊತ್ತಿದಂತೆ ಹಿಂದಕ್ಕೆ ಸರಿಯುತ್ತ ಬರ್ಮಾದ ಗಡಿಯ ಲೊಯ್‌ವಿಂಗ್‌ಗೆ ಬಂದು ನೆಲೆಸಿತ್ತು. ೧೯೩೯ರಲ್ಲಿ ಪೆಸಿಫಿಕ್ ಸಾಗರವನ್ನು ದಾಟುವ ವಿಮಾನದಲ್ಲಿ ವಾಲ್‌ಚಂದ್ ಹೀರಾಚಂದರಿಗೆ ಪಾಲಿಯ ಪರಿಚಯವಾಯಿತು. ಭಾರತದಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಬೇಕೆಂಬ ಹಂಚಿಕೆ ಅಲ್ಲಿಂದ ಬೆಳೆದು, ಮೈಸೂರು ಸರಕಾರದ ಒತ್ತಾಸೆಯಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಾಗಿ ರೂಪುಗೊಂಡಿತು. ೧೯೪೧ರಲ್ಲಿ ಇಲ್ಲಿ ಮೊದಲು ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿದಾಗ, ಅದೇ ಪಾಲಿಯ ಕಂಪೆನಿ ಬರ್ಮಾದ ಟೌಂಗೂವಿನಲ್ಲಿ ಷೆನಾಲ್ಟನ ಹುಡುಗರಿಗೆ ಸಂಬಳ ಹಂಚುತ್ತಿತ್ತು. ೧೯೪೨ರ ಮೇ ತಿಂಗಳ ಹೊತ್ತಿಗೆ ಲೊಯ್‌ವಿಂಗ್ ಜಪಾನೀಯರ ವಶವಾಯಿತು. ಬೆಂಗಳೂರಿನ ಕಾರ್ಖಾನೆ ೧೯೪೩ರಿಂದ ಅಮೆರಿಕದ ಯುದ್ಧವಿಮಾನಗಳ ದುರಸ್ತಿಯ ಕೇಂದ್ರವಾಯಿತು. ನಮ್ಮ ನಾಡಿನ ವಿಮಾನೋದ್ಯಮದ ಬೇರೊಂದು ಚೀನಾದ ರಣರಂಗದಲ್ಲಿದೆಯೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ವಿಷಯ.

ಹಾರುವ ಹುಲಿಗಳು ಚೀನಾಕ್ಕಾಗಿ ಕಾದಿದುದು ಯಾವಾಗ? ಕುನ್ಮಿಂಗಿನ ಮೇಲೆ ಅವರ ಮೊದಲ ಕಾಳಗ ೧೯೪೧ರ ಡಿಸೆಂಬರ್ ೨೦ರಂದು. ಅಂದರೆ ಪರ್ಲ್ ಹಾರ್ಬರಿನ ಮೇಲೆ ದಾಳಿಯಾಗಿ ಅಮೆರಿಕ ತಾನೇ ಯುದ್ಧಕ್ಕಿಳಿದ ಹದಿಮೂರು ದಿನಗಳ ಮೇಲೆ. ಪರರಾಷ್ಟ್ರಕ್ಕಾಗಿ ತಟಸ್ಥ ದೇಶದವರು ಹೋರಾಡಿದ ಶ್ರೇಷ್ಠ ನಿದರ್ಶನವೆಂದು ಹೆಸರಾದ ಈ ದಳ, ತನ್ನ ದೇಶ ತಟಸ್ಥವಾಗಿದ್ದಾಗ ಒಂದು ಕಾಳಗವನ್ನೂ ಮಾಡಲಿಲ್ಲ. ಇದರಿಂದ ಅವರ ಶೌರ್ಯಕ್ಕೆ ಕುಂದಿಲ್ಲ. ಏಳು ತಿಂಗಳಲ್ಲಿ ಅವರು ಸುಮಾರು ೨೯೭ ವಿಮಾನಗಳನ್ನು ಕೆಡವಿದರೆಂದು ಅಂದಿನ ಲೆಕ್ಕ; ಜಪಾನೀ ದಾಖಲೆಗಳೊಡನೆ ತಾಳೆ ನೋಡಿದವರು ಅದರ ಅರ್ಧಕ್ಕೂ ಕಡಿಮೆಯೆನ್ನುತ್ತಾರೆ. ಹಾಗಿದ್ದರೂ ಸಾಧನೆ ಸಣ್ಣದಲ್ಲ, ಏಕೆಂದರೆ ಏಷ್ಯದಲ್ಲಿ ಎಲ್ಲೆಲ್ಲಿಯೂ ಸೋಲೇ ಸುದ್ದಿಯಾಗಿದ್ದ ಕಾಲ ಅದು. ಮಡಿದವರೂ ಇಪ್ಪತ್ತಕ್ಕೆ ಮಿಕ್ಕಿದ್ದರು. ೧೯೪೨ರ ಜುಲೈ ೪ರಂದು ದಳವನ್ನು ವಿಸರ್ಜಿಸಿ ಅಮೆರಿಕದ ಸೇನೆಯಲ್ಲಿ ವಿಲೀನಗೊಳಿಸಲು ನಿಶ್ಚಯವಾದಾಗ, ಸ್ಥಳದಲ್ಲಿಯೇ ಸೇನೆಗೆ ಸೇರಲು ಒಪ್ಪಿದ ಚಾಲಕರು ಬೆರಳೆಣಿಕೆಯಷ್ಟು ಮಂದಿ. ಉಳಿದವರು ಮನೆಯ ದಾರಿ ಹಿಡಿದರು. ಹಲವರು ಮುಂದೆ ಬೇರೆ ಬೇರೆ ದಳಗಳಲ್ಲಿ ಸೇವೆ ಮಾಡಿದರು. ಸಂಬಳಕ್ಕಾಗಿ ಬಂದವರು, ಸಾಹಸಕ್ಕಾಗಿ ಬಂದವರು, ಚೀನೀಯರ ಮೇಲಿನ ಕನಿಕರಕ್ಕಾಗಿ ಬಂದವರು, ಮೂವರೂ ಆ ದಳದಲ್ಲಿದ್ದರು. ಒಬ್ಬನ ಎದೆಯಲ್ಲಿಯೇ ಮೂರೂ ಇದ್ದಿರಬಹುದು.

ಭಾರತಕ್ಕೆ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಯಿತು. ಚೀನಾದ ನೆಲದ ಮೇಲೆ ಕಾದುವುದು ಭಾರತೀಯರಿಗೆ ಹೊಸದಲ್ಲ. ೧೮೪೦–೪೨ರ ಅಫೀಮು ಯುದ್ಧದಲ್ಲಿ ಮದರಾಸು ಬಂಗಾಳಗಳ ಸಿಪಾಯಿಗಳು ಹೋಗಿದ್ದರು. ೧೯೦೦ರ ಬಾಕ್ಸರ್ ದಂಗೆಯನ್ನು ಅಡಗಿಸಲು ಹೋದ ಬ್ರಿಟಿಷ್ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ. ೧೯೨೭ರಲ್ಲಿ ಶಾಂಘೈಗೆ ಮತ್ತೆ ಭಾರತೀಯ ಸೈನ್ಯ ಹೋಯಿತು. ಆ ವರ್ಷದ ಮದರಾಸು ಅಧಿವೇಶನದಲ್ಲಿ ಕಾಂಗ್ರೆಸ್ಸು ಅದನ್ನು ಖಂಡಿಸಿತು. ಪರರಿಗಾಗಿ ಕಾದಬೇಕೆ ಎಂದು ಯಾವ ಭಾರತೀಯ ಸೈನಿಕನನ್ನೂ ಎಂದೂ ಕೇಳಿರಲಿಲ್ಲ. ಯಾರ ವಿರುದ್ಧ ಎಂದೂ ಕೇಳಿರಲಿಲ್ಲ. ಇಂತಹ ದೇಶ ೧೯೩೭ರಲ್ಲಿ ಚೀನಾಕ್ಕೆ ಏನನ್ನು ಕೊಡಬಲ್ಲುದಾಗಿತ್ತು? ಆಯುಧವಿಲ್ಲ, ಸೈನ್ಯ ತನ್ನದಲ್ಲ, ವಿದೇಶನೀತಿಯೂ ತನ್ನದಲ್ಲ. ಇದ್ದುದು ಅಭಿಪ್ರಾಯ, ಜಪಾನೀ ಸರಕಿನ ಬಹಿಷ್ಕಾರ, ಮತ್ತು ವೈದ್ಯರು. ಅಭಿಪ್ರಾಯಕ್ಕೂ ಅಂದು ಬೆಲೆಯಿತ್ತು: ಜಪಾನೀ ಕವಿ ಯೋನೆ ನೊಗುಚಿ ೧೯೩೮ರಲ್ಲಿ ತನ್ನ ದೇಶದ ಯುದ್ಧವನ್ನು ಸಮರ್ಥಿಸಿ ಬರೆದ ಪತ್ರಕ್ಕೆ ರವೀಂದ್ರನಾಥ ಠಾಕೂರರು ಕೊಟ್ಟ ಕಟುವಾದ ಉತ್ತರವನ್ನು ಏಷ್ಯವೆಲ್ಲ ಓದಿತು.

ಎಂಟನೆಯ ಮಾರ್ಗಸೇನೆಯ ನಾಯಕನಾದ ಜೂ ಡೆ ೧೯೩೭ರ ನವೆಂಬರಿನಲ್ಲಿ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ಔಷಧಗಳನ್ನೂ ಶಸ್ತ್ರವೈದ್ಯರನ್ನೂ ಬೇಡಿದ್ದನು. ಕಾಂಗ್ರೆಸ್ಸು ೧೯೩೮ರಲ್ಲಿ ಚೀನಾ ದಿನವನ್ನು ಆಚರಿಸಿ ಹಣ ಕೂಡಿಸಿತು. ಸುಭಾಷಚಂದ್ರ ಬೋಸರು ಅಧ್ಯಕ್ಷರಾಗಿದ್ದಾಗ, ೧೯೩೮ರ ಸೆಪ್ಟೆಂಬರ್ ೧ರಂದು ಐವರು ವೈದ್ಯರ ಮಂಡಲಿ ಮುಂಬಯಿಯಿಂದ ಹೊರಟಿತು. ಮುಖ್ಯಸ್ಥರು ಮದನಮೋಹನಲಾಲ ಅಟಲ್. ಅವರು ಅದಾಗಲೇ ಸ್ಪೇನಿನಲ್ಲಿ ಸೇವೆ ಸಲ್ಲಿಸಿದ್ದವರು. ಉಳಿದವರು ನಾಗಪುರದ ಚೋಳಕರ್, ಕಲಕತ್ತೆಯ ದೇವೇಶ ಮುಖರ್ಜಿ ಮತ್ತು ಬಿ. ಕೆ. ಬಸು, ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್. ಸೊಲ್ಲಾಪುರ ಕನ್ನಡಿಗರಿಗೆ ಪರಸ್ಥಳವಲ್ಲ, ಅದು ಸಿದ್ಧರಾಮನ ಊರು. ಕೋಟ್ನೀಸರ ಮನೆಮಾತು ಮರಾಠಿಯಾಗಿದ್ದರೂ ಅವರು ಬೆಳೆದುದು ಎರಡು ಭಾಷೆಗಳು ಕೂಡುವ ಆ ಬೀದಿಗಳಲ್ಲಿ. ಆಗ ಅವರಿಗೆ ಇಪ್ಪತ್ತೆಂಟು ತುಂಬಿರಲಿಲ್ಲ.

ವೈದ್ಯಮಂಡಲಿಯನ್ನು ಕಳುಹಿಸುವುದು ಸುಲಭವಾದ ನಡುದಾರಿಯೆಂದು ಮೇಲುನೋಟಕ್ಕೆ ತೋರುತ್ತದೆ: ಕೊಲ್ಲದೆ ನೆರವಾಗುವುದು, ಅಹಿಂಸೆಯ ವ್ರತವನ್ನು ಕೆಡಿಸದೆ ಆಕ್ರಮಣವನ್ನು ವಿರೋಧಿಸುವುದು. ಅಷ್ಟೇ ಆಗಿದ್ದರೆ ಮಂಡಲಿ ರೆಡ್‌ಕ್ರಾಸಿನ ಆಸ್ಪತ್ರೆಗಳಲ್ಲಿ ದುಡಿದು ಒಂದು ವರ್ಷದಲ್ಲಿ ಮರಳುತ್ತಿತ್ತು. ಇಬ್ಬರು ೧೯೩೯ರಲ್ಲಿಯೇ ಮರಳಿದರು. ಅಟಲರು ಆರೋಗ್ಯ ಕೆಟ್ಟು ೧೯೪೦ರಲ್ಲಿ ಹೊರಟರು. ಕೋಟ್ನೀಸರು ಚುಂಗ್‌ಕಿಂಗಿನಲ್ಲಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂದಿತು. ಅವರು ಊರಿಗೆ ಹೋಗದೆ ೧೯೩೯ರ ಫೆಬ್ರವರಿಯಲ್ಲಿ ಸಂಗಡಿಗರೊಡನೆ ಯೆನಾನಿಗೆ ನಡೆದರು. ಮುಂದೆ ಶತ್ರುವಿನ ರೇಖೆಯ ಹಿಂದಿನ ಉತ್ತರ ಚೀನಾದ ಗುಡ್ಡಗಾಡಿಗೆ ಸೇರಿ, ೧೯೪೦ರ ನೂರು ರೆಜಿಮೆಂಟುಗಳ ದಾಳಿಯ ಕಾಲದಲ್ಲಿ ರಣರಂಗದ ಬದಿಯಲ್ಲಿಯೇ ನೂರಾರು ಗಾಯಾಳುಗಳಿಗೆ ಚಿಕಿತ್ಸೆ ಮಾಡಿದರು. ೧೯೪೧ರ ಆರಂಭದಲ್ಲಿ, ಕೆನಡದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ನೆನಪಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಮುಖ್ಯಸ್ಥರಾದರು. ಬೆಥೂನ್ ಸಹ ಸ್ಪೇನಿನಿಂದ ಚೀನಾಕ್ಕೆ ಬಂದವನು, ೧೯೩೯ರ ನವೆಂಬರಿನಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜಾಗಿ ಸತ್ತವನು. ಕೋಟ್ನೀಸರು ಚೀನೀ ಭಾಷೆಯನ್ನು ಕಲಿತು, ಹೆಸರನ್ನು ಚೀನೀ ರೀತಿಗೆ ತಿದ್ದಿಕೊಂಡು, ೧೯೪೧ರಲ್ಲಿ ಅದೇ ಆಸ್ಪತ್ರೆಯ ದಾದಿಯಾಗಿದ್ದ ಗ್ವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ೧೯೪೨ರಲ್ಲಿ ಕಮ್ಯೂನಿಸ್ಟ್ ಪಕ್ಷವನ್ನೂ ಸೇರಿದರು.

ಹೀಗೆ ವೈದ್ಯನಾಗಿ ಹೋದವನು ವೈದ್ಯನಾಗಿ ಮಾತ್ರ ಉಳಿಯಲಿಲ್ಲ. ಸೇನೆಯ ಗಾಯಾಳುವನ್ನು ಗುಣಪಡಿಸಿದರೆ ಅವನು ಮರಳಿ ಬಂದೂಕವನ್ನು ಹಿಡಿಯುತ್ತಾನೆ. ಆ ಮಟ್ಟಿಗೆ ಶಸ್ತ್ರವೈದ್ಯನ ಚೂರಿಯೂ ಆಯುಧಾಗಾರದಲ್ಲಿಯೇ ಸೇರಿದ್ದು. ಕೋಟ್ನೀಸರಿಗೆ ಇದು ತಿಳಿದಿರಲಿಲ್ಲವೆಂದು ಭಾವಿಸಲು ಕಾರಣವಿಲ್ಲ. ನನ್ನ ಅಭಿಪ್ರಾಯದಲ್ಲಿ, ಮೇಲೆ ಹೇಳಿದ ‘ಸ್ವಯಂಸೇವಕ’ರೆಲ್ಲರ ನಡುವೆ ಆ ಹೆಸರಿಗೆ ಪೂರ್ಣವಾಗಿ ತಕ್ಕವರು ಷಾರ್ಟ್, ಬೆಥೂನ್ ಮತ್ತು ಈ ಮಂಡಲಿಯವರಂತಹ ಕೆಲವರೇ. ಅವರ ಹಿಂದೆ ಲೆಕ್ಕ ಹಾಕುವ ಸರಕಾರವಿರಲಿಲ್ಲ. ಆದರೆ ಇದೇ ಮಾತನ್ನು ತಿರುಗಿಸಿಯೂ ನೋಡಬೇಕು. ಇವರೆಲ್ಲರ ತ್ಯಾಗದಿಂದ ಜಪಾನೀ ಸೇನೆ ಒಂದು ಹಳ್ಳಿಯಿಂದಲೂ ಹಿಂದೆ ಸರಿಯಲಿಲ್ಲ. ಸರಿಯುವಂತೆ ಮಾಡಬಹುದಾಗಿದ್ದುದು ಎಣ್ಣೆ, ವಿಮಾನ, ರಸ್ತೆ. ಅವು ಲೆಕ್ಕ ಹಾಕುವವರ ಕೈಯಲ್ಲಿದ್ದುವು. ಚೀನಾ ಕೋಟಿಯನ್ನು ಮೀರಿದ ಜೀವಗಳನ್ನು ತೆತ್ತುದು ಈ ಎರಡು ಬಗೆಯ ನೆರವಿನ ನಡುವಿನ ಕಂದರದಲ್ಲಿ.

ಭಾರತದ ಉತ್ತರವೂ ಒಂದೇ ಆಗಿ ಉಳಿಯಲಿಲ್ಲ. ೧೯೩೭ರ ಅಕ್ಟೋಬರಿನ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ಜಪಾನಿನ ಸಾಮ್ರಾಜ್ಯನೀತಿಯನ್ನು ಟೀಕಿಸಿ ಬರೆದು, ಮರುವರ್ಷ ವೈದ್ಯಮಂಡಲಿಯನ್ನು ಬೀಳ್ಕೊಟ್ಟ ಬೋಸರೇ ೧೯೪೩ರಲ್ಲಿ ಅದೇ ಜಪಾನಿನ ನೆರವಿನಿಂದ ಭಾರತದ ಬಿಡುಗಡೆಗಾಗಿ ಸೇನೆಯನ್ನು ನಡೆಸಿದರು. ಇದನ್ನು ವಿರೋಧಾಭಾಸವೆಂದು ಹಳಿಯುವವರುಂಟು. ಪರಾಧೀನ ದೇಶಕ್ಕೆ ಆಯುಧ ಕೊಡುವವರು ಯಾರಾದರೇನೆಂಬ ಬೋಸರ ನಿಲುವಿಗೆ, ೧೯೩೮ರಲ್ಲಿ ಚಿಯಾಂಗನು ರಷ್ಯದ ವಿಮಾನಗಳನ್ನು ಸ್ವೀಕರಿಸಿದಾಗಿನ ನಿಲುವಿಗಿಂತ ಬೇರೆ ತರ್ಕವೇನೂ ಬೇಕಾಗಿರಲಿಲ್ಲ. ಕೊಡುವವನು ಅದೇ ವೇಳೆ ಇನ್ನೊಂದು ಜನಾಂಗವನ್ನು ತುಳಿಯುತ್ತಿದ್ದನೆಂಬ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದು ಸಣ್ಣ ವ್ಯತ್ಯಾಸವಲ್ಲ.

ಕೋಟ್ನೀಸರು ಮೂರ್ಛೆರೋಗದಿಂದ ೧೯೪೨ರ ಡಿಸೆಂಬರ್ ೯ರಂದು, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಹೋಪೆ ಪ್ರಾಂತದ ಹಳ್ಳಿಯೊಂದರಲ್ಲಿ ತೀರಿಕೊಂಡರು. ಮಗನಿಗೆ ಆಗ ನಾಲ್ಕು ತಿಂಗಳು ತುಂಬಿರಲಿಲ್ಲ. ಐವರಲ್ಲಿ ಕೊನೆಯವರಾಗಿ ಉಳಿದಿದ್ದ ಬಸು ೧೯೪೩ರಲ್ಲಿ ಹಿಂದಿರುಗಿದರು. ಕೋಟ್ನೀಸರ ಅಸ್ಥಿಗಳನ್ನು ಮುಂದೆ ಷಿಚಿಯಾಚುವಾಂಗ್ ನಗರದ ಹುತಾತ್ಮರ ಸ್ಮಶಾನಕ್ಕೆ ಒಯ್ಯಲಾಯಿತು. ಬೆಥೂನನ ಸಮಾಧಿಯೂ ಅಲ್ಲಿಯೇ ಇದೆ. ೧೯೬೨ರ ಯುದ್ಧ ನಡೆದು ಎರಡು ದೇಶಗಳ ಸಂಬಂಧ ಮುರಿದಾಗಲೂ ಆ ಸಮಾಧಿಯನ್ನು ಕದಲಿಸಲಿಲ್ಲ. ಅದು ಸೈನಿಕರಿಗಾಗಿ ನಿರ್ಮಿಸಿದ ಸ್ಮಶಾನ.